ಆಪರೇಷನ್‌ಗೆ ಮುಂಚೆ ಸಿಎ-125 ಜಾಸ್ತಿ ಬಂದಿದೆ, ಕ್ಯಾನ್ಸರ್ ಇರಬಹುದೇ?

ಪ್ರಶ್ನೆ: ನನಗೆ 36 ವರ್ಷ. ಎಡಗಡೆಯ ಅಂಡಾಶಯದಲ್ಲಿ 7 ಸೆಂಟಿಮೀಟರಿನ ಸಿಸ್ಟ್ ಇದೆ. ಇನ್ನು ಹತ್ತು ದಿನಕ್ಕೆ ಲ್ಯಾಪರೋಸ್ಕೋಪಿ ಮಾಡಿ ತೆಗೆಯುತ್ತಾರೆ. ಮೊನ್ನೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿಎ-125 ಅನ್ನುವುದು 86 ಬಂದಿದೆ. 35ರೊಳಗೆ ಇರಬೇಕು ಎಂದು ಪಕ್ಕದಲ್ಲೇ ಬರೆದಿದೆ. ಡಾಕ್ಟರು "ಗಾಬರಿ ಆಗಬೇಡಿ, ತೆಗೆದ ಮೇಲೆ ನೋಡೋಣ" ಅಂದರು. ಆ "ನೋಡೋಣ" ಕೇಳಿದಾಗಿನಿಂದ ನಿದ್ದೆ ಇಲ್ಲ. ಇದು ಕ್ಯಾನ್ಸರ್ ಇರಬಹುದೇ?

ಉತ್ತರ: ಆ 86ನ್ನು ಮಾತ್ರ ನೋಡಿ "ಹೌದು" ಎನ್ನಲೂ ಆಗದು, "ಖಂಡಿತ ಅಲ್ಲ" ಎನ್ನಲೂ ಆಗದು. ಆದರೆ ಮುಟ್ಟು ಇನ್ನೂ ಆಗುತ್ತಿರುವ ವಯಸ್ಸಿನಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಏರಬಹುದಾದ, ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು) ಇಷ್ಟು ಏರಿದ್ದರೆ, ಅದಕ್ಕೆ ಕ್ಯಾನ್ಸರಲ್ಲದ ಕಾರಣಗಳೇ ಹೆಚ್ಚು. ನಿಮ್ಮ ಡಾಕ್ಟರು ಸಮಾಧಾನಕ್ಕಾಗಿ ಸುಳ್ಳು ಹೇಳಿದ್ದಾರೆ ಅಂದುಕೊಳ್ಳಬೇಡಿ. ಅವರ ಮಾತು ಸರಿ, ವಿವರಣೆ ಮಾತ್ರ ಸಾಲಲಿಲ್ಲ.

ಮೊದಲು ಈ 35 ಎಲ್ಲಿಂದ ಬಂತು ನೋಡೋಣ. 1980ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಈ ಪರೀಕ್ಷೆಯನ್ನು ರೂಪಿಸಿದರು. 1983ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 888 ಮಂದಿ ಆರೋಗ್ಯವಂತರ ರಕ್ತ ಪರೀಕ್ಷಿಸಿದಾಗ, 35 ದಾಟಿದವರು ನೂರಕ್ಕೆ ಒಬ್ಬರು. ಗೆರೆ ನಿಂತದ್ದು ಹಾಗೆ. ಅಂದರೆ 35 ಎಂಬುದು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಾಣುವ ಮೇಲಿನ ಅಂಚು. ಅದರಾಚೆ ಕಾಲಿಟ್ಟರೆ ಕ್ಯಾನ್ಸರ್ ಶುರು ಎಂಬ ಗಡಿಕಲ್ಲು ಅದಲ್ಲ. ಲ್ಯಾಬಿನವರು 35 ದಾಟಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಅಂಥ ದಪ್ಪ ಅಕ್ಷರ ಎಷ್ಟೋ ಜನರ ನಿದ್ದೆ ತಿಂದಿದೆ.

ಸಿಎ-125 ಅಂಡಾಶಯ ಮಾತ್ರ ತಯಾರಿಸುವ ವಸ್ತುವೂ ಅಲ್ಲ. ಹೊಟ್ಟೆಯ ಒಳಪದರ, ಶ್ವಾಸಕೋಶದ ಹೊದಿಕೆ, ಗರ್ಭಕೋಶದ ಒಳಗೋಡೆ, ಇವುಗಳ ಜೀವಕೋಶಗಳೂ ಈ ಪ್ರೋಟೀನನ್ನು ಉತ್ಪತ್ತಿ ಮಾಡುತ್ತವೆ. ಆ ಪದರಗಳನ್ನು ಏನೇ ಕೆರಳಿಸಿದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಎಲ್ಲಕ್ಕಿಂತ ಸಾಮಾನ್ಯ ಕಾರಣ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ತೊಂದರೆ. ಅಂಡಾಶಯದಲ್ಲಿ ಹಳೆಯ ರಕ್ತ ಕಟ್ಟಿಕೊಂಡು ಆಗುವ "ಚಾಕೊಲೇಟ್ ಸಿಸ್ಟ್" ಇದ್ದವರಲ್ಲಿ ಇದು ನೂರು ದಾಟುವುದೂ ಉಂಟು. ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಕಿಬ್ಬೊಟ್ಟೆಯ ಸೋಂಕು, ಒಡೆದ ಅಥವಾ ತಿರುಚಿಕೊಂಡ ಸಿಸ್ಟ್, ಗರ್ಭದ ಮೊದಲ ತಿಂಗಳುಗಳು, ಹೊಟ್ಟೆಯ ಕ್ಷಯ, ಯಕೃತ್ತಿನ ಅಥವಾ ಹೃದಯದ ಕಾಯಿಲೆ, ಎಲ್ಲವೂ ಈ ಪಟ್ಟಿಯಲ್ಲಿವೆ. ಮುಟ್ಟಿನ ದಿನಗಳಲ್ಲೂ ಏರುತ್ತದೆ. ನೀವು ರಕ್ತ ಕೊಟ್ಟದ್ದು ತಿಂಗಳಿನ ಯಾವ ದಿನ? ಅದನ್ನು ಡಾಕ್ಟರಿಗೆ ತಿಳಿಸಿ.

ಇನ್ನೊಂದು ವಿಷಯ. ಇಂಥ ಪ್ರಶ್ನೆ ಕೇಳುವವರೆಲ್ಲ ರಕ್ತದ ಅಂಕಿಯನ್ನು ತಪ್ಪದೆ ಬರೆಯುತ್ತಾರೆ, ಸ್ಕ್ಯಾನಿಂಗ್ ವರದಿಯಲ್ಲಿ ಏನಿದೆ ಎಂಬುದನ್ನು ಬಿಟ್ಟುಬಿಡುತ್ತಾರೆ. ನೀವೂ ಅಳತೆಯನ್ನಷ್ಟೇ ಬರೆದಿದ್ದೀರಿ. ವೈದ್ಯರು ಮಾತ್ರ ಮೊದಲು ಓದುವುದು ಸ್ಕ್ಯಾನಿಂಗ್ ವರದಿಯನ್ನೇ. ಸಿಸ್ಟಿನೊಳಗೆ ಬರೀ ತಿಳಿನೀರಿದೆಯೇ? ಗೋಡೆ ನುಣುಪಾಗಿದೆಯೇ? ಅಡ್ಡಪರದೆಗಳಿವೆಯೇ, ಗಟ್ಟಿಯಾದ ಭಾಗವಿದೆಯೇ, ಆ ಗಟ್ಟಿ ಭಾಗದಲ್ಲಿ ರಕ್ತ ಹರಿಯುತ್ತಿದೆಯೇ? ಎರಡೂ ಕಡೆ ಇದೆಯೇ, ಹೊಟ್ಟೆಯಲ್ಲಿ ನೀರು ತುಂಬಿದೆಯೇ?

ಇವನ್ನೆಲ್ಲ ಸೇರಿಸಿ ತೂಗುವ ಒಂದು ಸರಳ ಲೆಕ್ಕ 1990ರಿಂದ ಬಳಕೆಯಲ್ಲಿದೆ. ಸ್ಕ್ಯಾನಿಂಗ್‌ನಲ್ಲಿ ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಬದಿಯ ಗಡ್ಡೆ, ಹೊಟ್ಟೆಯ ನೀರು, ಬೇರೆಡೆಗೆ ಹರಡಿದ ಗುರುತು, ಈ ಐದರಲ್ಲಿ ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3 ಅಂಕ. ಮುಟ್ಟು ಆಗುತ್ತಿದ್ದರೆ 1, ನಿಂತಿದ್ದರೆ 3. ಇವೆರಡನ್ನೂ ಸಿಎ-125ರ ಅಂಕಿಯೊಂದಿಗೆ ಗುಣಿಸಬೇಕು. ಗುಣಲಬ್ಧ 200 ದಾಟಿದರೆ ಕ್ಯಾನ್ಸರಿನ ಅನುಮಾನ ಹೆಚ್ಚು ಎಂದು ಮೂಲ ಲೆಕ್ಕ. ನಿಮ್ಮ 86ನ್ನೇ ಹಾಕಿ ನೋಡಿ. ಸ್ಕ್ಯಾನಿಂಗ್‌ನಲ್ಲಿ ಆ ಐದರಲ್ಲಿ ಯಾವುದೂ ಇಲ್ಲದಿದ್ದರೆ ಗುಣಲಬ್ಧ ಸೊನ್ನೆ. ಒಂದಿದ್ದರೆ 86. ಎರಡಿದ್ದರೆ 258, ಆಗ ಇನ್ನಷ್ಟು ಎಚ್ಚರ ಬೇಕು. ಇದೇ 86 ಮುಟ್ಟು ನಿಂತ, ಸ್ಕ್ಯಾನಿಂಗ್‌ನಲ್ಲಿ ಎರಡು ಗುರುತುಗಳಿರುವ 62ರ ಹೆಂಗಸಿಗೆ ಬಂದರೆ 774. ಒಂದೇ ಅಂಕಿ, ಆದರೆ ಕಥೆ ಎಷ್ಟು ಬೇರೆ ಬೇರೆ! ಮನೆಯಲ್ಲಿ ಕೂತು ನೀವೇ ತೀರ್ಪು ಕೊಟ್ಟುಕೊಳ್ಳಲಿ ಎಂದು ಇದನ್ನು ಹೇಳುತ್ತಿಲ್ಲ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಈ ಲೆಕ್ಕವೂ ಸುಮ್ಮಸುಮ್ಮನೆ ಏರಿ ಹೆದರಿಸುತ್ತದೆ.

ತಿರುಗಿಸಿದರೂ ಇದೇ ಮಾತು. ಆರಂಭದ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರ ಸಿಎ-125 ಏರಿರುವುದೇ ಇಲ್ಲ. ನಿಮ್ಮದು 20 ಬಂದಿದ್ದರೂ "ನಿಶ್ಚಿಂತೆ" ಎಂದು ಬರೆದುಕೊಡಲು ಆಗುತ್ತಿರಲಿಲ್ಲ. ಸಿಎ 19-9, ಸಿಇಎ ಮುಂತಾದ ಇಂಥದೇ ರಕ್ತಪರೀಕ್ಷೆಗಳಿಗೂ ಇವೇ ಮಿತಿಗಳಿವೆ. ಒಳಗೆ ಕೂದಲು, ಕೊಬ್ಬು ಇರುವ ನಿರಪಾಯದ ಡರ್ಮಾಯ್ಡ್ ಸಿಸ್ಟಿನಲ್ಲೂ ಸಿಎ 19-9 ಏರುತ್ತದೆ, ಸಿಗರೇಟು ಸೇದುವವರಲ್ಲಿ ಸಿಇಎ ಹೆಚ್ಚಿರುತ್ತದೆ. ನಲವತ್ತರೊಳಗಿನವರಲ್ಲಿ ಗಟ್ಟಿ ಭಾಗವಿರುವ ಗಡ್ಡೆ ಕಂಡರೆ ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಈ ಮೂರು ಹುಡುಕುವ ಗಡ್ಡೆಗಳ ಬಗೆಯೇ ಬೇರೆ, ಅವನ್ನು ಹುಡುಕಲು ಸಿಎ-125 ಸಾಲದು.

ಹಾಗಾದರೆ ಈ ಪರೀಕ್ಷೆ ಯಾಕೆ? ಮುಖ್ಯವಾಗಿ ಆಪರೇಷನ್ನನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎಂದು ನಿರ್ಧರಿಸಲು. ಅನುಮಾನ ಹೆಚ್ಚಿದ್ದರೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರೇ ಮಾಡುವುದು ಒಳ್ಳೆಯದು, ಕೆಲವೊಮ್ಮೆ ಮೊದಲು ಎಂಆರ್‌ಐ ಬೇಕಾಗುತ್ತದೆ. ಆದ್ದರಿಂದ ಈ ಹತ್ತು ದಿನಗಳೊಳಗೆ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ಕಾಗದದಲ್ಲಿ ಬರೆದುಕೊಂಡು ಕೇಳಿ: ಸ್ಕ್ಯಾನಿಂಗ್‌ನಲ್ಲಿ ಅನುಮಾನದ ಗುರುತು ಏನಾದರೂ ಇದೆಯೇ? ಸಿಸ್ಟನ್ನು ಹೊಟ್ಟೆಯೊಳಗೆ ಒಡೆಯದೆ ಚೀಲದಲ್ಲಿಟ್ಟು ಹೊರತೆಗೆಯುತ್ತೀರಾ? ಫ್ರೋಜನ್ ಸೆಕ್ಷನ್ ಸೌಲಭ್ಯ ಇದೆಯೇ? ಇದರಲ್ಲಿ ತೆಗೆದ ಭಾಗವನ್ನು ಆಪರೇಷನ್ ನಡೆಯುತ್ತಿರುವಾಗಲೇ ಪೆಥಾಲಜಿಸ್ಟ್ ಸುಮಾರು ಅರ್ಧ ಗಂಟೆಯಲ್ಲಿ ನೋಡಿ ಹೇಳುತ್ತಾರೆ. ಕ್ಯಾನ್ಸರ್ ಎಂದು ಬಂದರೆ ಅಲ್ಲೇ ಏನು ಮಾಡುತ್ತೀರಿ, ಇನ್ನೊಂದು ಅಂಡಾಶಯ ಮತ್ತು ಗರ್ಭಕೋಶವನ್ನು ಉಳಿಸುತ್ತೀರಾ? ಮುಂದೆ ಮಗು ಬೇಕೆಂದಿದ್ದರೆ ಸಹಿ ಹಾಕುವ ಮುಂಚೆಯೇ ಬಾಯಿಬಿಟ್ಟು ಹೇಳಿ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ ಮೇಲೆ ಆ ಮಾತಿಗೆ ಅವಕಾಶ ಇರುವುದಿಲ್ಲ.

ಕೊನೆಯ ಉತ್ತರ ಬರುವುದು ಬಯಾಪ್ಸಿ ವರದಿಯಿಂದ. ಡಾಕ್ಟರ "ನೋಡೋಣ" ಎಂಬ ಮಾತಿನ ಅರ್ಥ ಇಷ್ಟೇ. ಅಲ್ಲಿಯವರೆಗೆ ಬೇರೆ ಬೇರೆ ಲ್ಯಾಬಿನಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಡಿ. ವಿಧಾನ ಬೇರೆಯಾದರೆ ಅಂಕಿಯೂ ಬೇರೆಯಾಗಿ, ಗಾಬರಿ ಇನ್ನಷ್ಟು ಹೆಚ್ಚುತ್ತದೆ. ಆದರೆ ಹಠಾತ್ತನೆ ಒಂದು ಬದಿಯಲ್ಲಿ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಹತ್ತು ದಿನ ಕಾಯಬೇಡಿ. ಸಿಸ್ಟ್ ತಿರುಚಿಕೊಂಡಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ಮುಗಿದ ಮರುವಾರ "ಇಳಿದಿದೆಯೇ ನೋಡೋಣ" ಎಂದು ನೀವಾಗಿಯೇ ಮತ್ತೆ ರಕ್ತ ಕೊಡಲು ಹೋಗಬೇಡಿ. ಹೊಟ್ಟೆಯ ಆಪರೇಷನ್ನಿನಿಂದಲೇ ಸಿಎ-125 ಕೆಲವು ವಾರ ಏರಿರುತ್ತದೆ.