ಬೇಸಿಗೆ ಕೋರ್ಸಿನ ಕ್ರೆಡಿಟ್ ಸಂಬಳಕ್ಕೋ, ಎಂ.ಎಡ್.ಗೋ?

ಪ್ರಶ್ನೆ: ಮೈಸೂರಿನಲ್ಲಿ ಬಿ.ಎಸ್‌ಸಿ., ಬಿ.ಎಡ್. ಮಾಡಿದವಳು ನಾನು. ಈಗ ಕ್ಯಾಲಿಫೋರ್ನಿಯಾದ ಒಂದು ಪಬ್ಲಿಕ್ ಸ್ಕೂಲಿನಲ್ಲಿ (ಇಲ್ಲಿನ ಸರ್ಕಾರಿ ಶಾಲೆ) ಗಣಿತ ಹೇಳಿಕೊಡುತ್ತಿದ್ದೇನೆ. ಜೊತೆಯ ಟೀಚರುಗಳು ಬೇಸಿಗೆ ರಜೆಯಲ್ಲಿ ಆನ್‌ಲೈನ್ ಪಿ.ಡಿ. (ಟೀಚರುಗಳ ವೃತ್ತಿ ತರಬೇತಿ) ಕೋರ್ಸ್ ಮಾಡಿ ‘ಗ್ರ್ಯಾಜುಯೇಟ್ ಕ್ರೆಡಿಟ್’ ತಗೊಳ್ತಾರೆ. ನಾನೂ ಹಾಗೆ ಒಂದೊಂದೇ ಮಾಡುತ್ತಾ ಹೋದರೆ ಕೊನೆಗೆ ಮಾಸ್ಟರ್ಸ್ ಡಿಗ್ರಿ ಆಗುತ್ತಾ? ಸಂಬಳ ಜಾಸ್ತಿ ಆಗುತ್ತಾ?

ಉತ್ತರ: ಸಂಬಳ ಜಾಸ್ತಿ ಆಗಬಹುದು. ಡಿಗ್ರಿ ಮಾತ್ರ ಸಾಮಾನ್ಯವಾಗಿ ಆಗಲ್ಲ. ಕ್ರೆಡಿಟ್ ಅನ್ನುವ ಹೆಸರು ಒಂದೇ, ಆದರೆ ಅದನ್ನು ಜಮಾ ಮಾಡುವ ಖಾತೆಗಳು ಬೇರೆ ಬೇರೆ. ಅದು ಗೊತ್ತಿಲ್ಲದೆ ದುಡ್ಡು ಕಟ್ಟಿದವರಲ್ಲಿ ನಾನೂ ಒಬ್ಬಳು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪದದ ಗೊಂದಲ. ನಮ್ಮೂರಲ್ಲಿ ಗ್ರ್ಯಾಜುಯೇಟ್ ಅಂದರೆ ಡಿಗ್ರಿ ಮುಗಿಸಿದವರು. ಇಲ್ಲಿ ಗ್ರ್ಯಾಜುಯೇಟ್ ಕೋರ್ಸ್ ಅಂದರೆ ನಾವು ಪಿ.ಜಿ. ಅಂತೀವಲ್ಲ, ಅದು. ಹಾಗಾಗಿ ಆ ಹೆಸರು ಕೇಳಿದ ಕೂಡಲೇ ‘ಓ, ಪಿ.ಜಿ. ಶುರುವಾಯಿತು’ ಅಂತ ನಮಗೆ ಅನ್ನಿಸಿಬಿಡುತ್ತೆ.

ಈಗ ನಿಮ್ಮ ಡಿಸ್ಟ್ರಿಕ್ಟಿನ, ಅಂದರೆ ನಿಮ್ಮ ಶಾಲೆಯನ್ನು ನಡೆಸುವ ಸ್ಥಳೀಯ ಶಿಕ್ಷಣ ಮಂಡಳಿಯ, ಸಂಬಳದ ಪಟ್ಟಿ ತೆಗೆಯಿರಿ. ಪಬ್ಲಿಕ್ ಸ್ಕೂಲ್ ಆದ್ದರಿಂದ ಅದು ಗುಟ್ಟಿನದ್ದೇನಲ್ಲ, ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೇ ಇರುತ್ತೆ. ಮಗ್ಗಿ ಪುಸ್ತಕದ ಹಾಗೆ ಮನೆ ಮನೆ. ಮೇಲಿಂದ ಕೆಳಕ್ಕೆ ಸ್ಟೆಪ್, ಅಂದರೆ ಸರ್ವೀಸಿನ ವರ್ಷಗಳು. ಎಡದಿಂದ ಬಲಕ್ಕೆ ಕಾಲಮ್, ಅಂದರೆ ಓದು: ಬಿಎ (ಇಲ್ಲಿ ಯಾವುದೇ ಬ್ಯಾಚುಲರ್ಸ್ ಡಿಗ್ರಿ), ಬಿಎ ಪ್ಲಸ್ 30, ಪ್ಲಸ್ 45, ಪ್ಲಸ್ 60, ಹೀಗೆ. ಸ್ಟೆಪ್ ವರ್ಷಕ್ಕೊಂದು ತಾನಾಗಿ ಇಳಿಯುತ್ತೆ. ಕಾಲಮ್ ದಾಟಬೇಕಾದರೆ ನೀವೇ ಓದಿ, ಕಾಗದ ಕೊಟ್ಟು ದಾಟಬೇಕು. ಆ ‘ಪ್ಲಸ್’ ಅನ್ನುವುದು ಬ್ಯಾಚುಲರ್ಸ್ ಡಿಗ್ರಿ ಆದಮೇಲೆ ಸೇರಿಸಿಕೊಂಡ ಸೆಮಿಸ್ಟರ್ ಯೂನಿಟ್‌ಗಳ ಲೆಕ್ಕ. ಯೂನಿಟ್ ಅಂದರೂ ಕ್ರೆಡಿಟ್ ಅಂದರೂ ಒಂದೇ. ನಿಮ್ಮ ಸಹೋದ್ಯೋಗಿಗಳು ಬೇಸಿಗೆಯಲ್ಲಿ ಕೂಡಿಹಾಕುತ್ತಿರುವುದು ಇದನ್ನೇ.

ಈ ಪಟ್ಟಿಗೆ ಒಂದು ಹಿನ್ನೆಲೆ ಇದೆ. ಮೊದಲೆಲ್ಲ ಪ್ರೈಮರಿ ಶಾಲೆಯ ಹೆಂಗಸರಿಗೆ ಒಂದು ಸಂಬಳ, ಹೈಸ್ಕೂಲಿನ ಗಂಡಸರಿಗೆ ಅದಕ್ಕಿಂತ ಜಾಸ್ತಿ. 1921ರಲ್ಲಿ ಡೆನ್ವರ್ ಮತ್ತು ಡೆ ಮೊಯಿನ್ ಊರುಗಳು ವರ್ಷ ಮತ್ತು ಓದು, ಈ ಎರಡನ್ನೇ ನೋಡಿ ಎಲ್ಲರಿಗೂ ಒಂದೇ ಪಟ್ಟಿ ಅಂತ ಮಾಡಿದವು. ಪಟ್ಟಿಯನ್ನು ಬೈಯುವವರು ಈಗ ಬಹಳ ಜನ. ನಾನಂತೂ ಬೈಯಲ್ಲ.

ಇನ್ನು ಕ್ರೆಡಿಟ್ ಅಂದರೇನು? ಇಲ್ಲಿನ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ವಾರಕ್ಕೆ 1 ಗಂಟೆ ಪಾಠ, ಅದಕ್ಕೆ ಕನಿಷ್ಠ 2 ಗಂಟೆ ಹೊರಗಿನ ಕೆಲಸ, ಹೀಗೆ ಸುಮಾರು 15 ವಾರ ಮಾಡಿದರೆ 1 ಸೆಮಿಸ್ಟರ್ ಕ್ರೆಡಿಟ್. ಅಲ್ಲಿಗೆ 45 ಗಂಟೆ. ಪಿ.ಡಿ. ಕೋರ್ಸಿನಲ್ಲಿ 1 ಕ್ರೆಡಿಟ್ಟಿಗೆ ಹೆಚ್ಚಾಗಿ 15 ಗಂಟೆ ಪಾಠ, ಮೇಲೊಂದಿಷ್ಟು ಅಸೈನ್‌ಮೆಂಟ್ ಅಂತ ಇಟ್ಟುಕೊಂಡಿರುತ್ತಾರೆ. ಎ.ಪಿ. ಸಮ್ಮರ್ ಇನ್‌ಸ್ಟಿಟ್ಯೂಟ್ ಕೇಳಿರುತ್ತೀರಿ. ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ (ಎ.ಪಿ.) ಪಾಠ ಮಾಡುವ ಟೀಚರುಗಳಿಗೆ ಕನಿಷ್ಠ 30 ಗಂಟೆಯ ತರಬೇತಿ. ಸುಮ್ನೆ ಹೋಗಿ ಕೂತು ಬಂದರೆ ಒಂದು ಸರ್ಟಿಫಿಕೇಟ್. ಎಷ್ಟೋ ಕಡೆ ಯೂನಿವರ್ಸಿಟಿಗೆ ಬೇರೆ ಫೀಸು ಕಟ್ಟಿ, ಒಂದು ಪಾಠಯೋಜನೆಯನ್ನೋ ಪೇಪರನ್ನೋ ಬರೆದುಕೊಟ್ಟರೆ ಅದೇ ತರಬೇತಿಗೆ ಗ್ರ್ಯಾಜುಯೇಟ್ ಕ್ರೆಡಿಟ್, ಜೊತೆಗೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಯೂನಿವರ್ಸಿಟಿಯ ಅಧಿಕೃತ ಅಂಕಪಟ್ಟಿ. ಸರ್ಟಿಫಿಕೇಟ್ ಸಂಬಳದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ. ಟ್ರಾನ್ಸ್‌ಕ್ರಿಪ್ಟ್ ಬರುತ್ತೆ.

ಹಾಗಾದರೆ ಡಿಗ್ರಿಗೆ ಯಾಕೆ ಆಗಲ್ಲ? ಯೂನಿವರ್ಸಿಟಿಗಳು ಈ ಕೋರ್ಸುಗಳನ್ನು ಡಿಗ್ರಿ ಕೋರ್ಸುಗಳಿಂದ ಬೇರೆ ಇಟ್ಟಿರುತ್ತವೆ. ಫೀಸೂ ಮಾಮೂಲಿ ಪಿ.ಜಿ. ಕೋರ್ಸಿಗಿಂತ ಬಹಳ ಕಡಿಮೆ. ಎಷ್ಟೋ ಕಡೆ ಕೋರ್ಸ್ ನಂಬರಿನಲ್ಲೇ ಗೊತ್ತಾಗುತ್ತೆ. ಫ್ರೆಸ್ನೋ ಪೆಸಿಫಿಕ್ ಯೂನಿವರ್ಸಿಟಿಯಲ್ಲಿ ಟೀಚರುಗಳ ಈ ಕೋರ್ಸುಗಳಿಗೆ 900ರ ಸರಣಿಯ ನಂಬರ್ ಕೊಡುತ್ತಾರೆ. ಟೀಚರುಗಳ ಓದು, ಡಿಗ್ರಿಯ ಭಾಗ ಅಲ್ಲ ಅಂತ ಅರ್ಥ. ಎಂ.ಎಡ್. ಸೇರುವ ಆಸೆ ನಿಜವಾಗಿಯೂ ಇದ್ದರೆ ಉಲ್ಟಾ ದಾರಿ ಹಿಡಿಯಿರಿ. ಮೊದಲು ಯೂನಿವರ್ಸಿಟಿ ಗೊತ್ತು ಮಾಡಿಕೊಂಡು, ಹೊರಗಿನ ಯಾವ ಕೋರ್ಸನ್ನು ಎಷ್ಟು ಯೂನಿಟ್‌ವರೆಗೆ ತಗೋತೀರಿ ಅಂತ ಅವರನ್ನೇ ಕೇಳಿ.

ನನ್ನ ಕಥೆ ಇಷ್ಟು. ಪ್ಲಸ್ 60ರ ಕಾಲಮ್ಮಿಗೆ ನನಗೆ 12 ಯೂನಿಟ್ ಕಡಿಮೆ ಇತ್ತು. ಒಂದು ಬೇಸಿಗೆ ಪೂರ್ತಿ ಮಕ್ಕಳನ್ನು ಮಲಗಿಸಿದ ಮೇಲೆ ಕೂತು ಸರಿಯಾಗಿ 12 ಯೂನಿಟ್ ಮುಗಿಸಿದೆ. ಸೆಪ್ಟೆಂಬರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ತಗೊಂಡು ಡಿಸ್ಟ್ರಿಕ್ಟ್ ಆಫೀಸಿಗೆ ಹೋದರೆ, ಅಲ್ಲಿನ ಹೆಂಗಸು ಹಾಳೆ ತಿರುಗಿಸಿ ಹಿಂದಿನ ಸಣ್ಣ ಅಕ್ಷರದ ಮೇಲೆ ಪೆನ್ಸಿಲ್ ಇಟ್ಟರು. ‘ಕ್ವಾರ್ಟರ್ ಯೂನಿಟ್’ ಅಂತಿತ್ತು. ಆ ಯೂನಿವರ್ಸಿಟಿ ವರ್ಷವನ್ನು ಸೆಮಿಸ್ಟರಿನ ಬದಲು ಕ್ವಾರ್ಟರ್ ಅನ್ನುವ ಇನ್ನೂ ಚಿಕ್ಕ ಅವಧಿಯ ಲೆಕ್ಕದಲ್ಲಿ ನಡೆಸುತ್ತೆ. 1 ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರ್ ಯೂನಿಟ್ಟಿನ ಮೂರನೇ ಎರಡು ಭಾಗ. ಪಕ್ಕದಲ್ಲೇ ಬರೆದು ತೋರಿಸಿದರು: 12 ಅಲ್ಲ, 8. ಗಣಿತದ ಟೀಚರ್ ನೋಡಿ ನಾನು! 4 ಯೂನಿಟ್ಟಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಆಫೀಸಿನವರದ್ದೇನೂ ತಪ್ಪಿರಲಿಲ್ಲ. ನಾನು ಹಾಳೆಯ ಹಿಂಬದಿ ನೋಡಿರಲಿಲ್ಲ ಅಷ್ಟೇ.

ಇದಕ್ಕೇ ಹೇಳುವುದು, ಫೀಸು ಕಟ್ಟುವ ಮೊದಲು ಡಿಸ್ಟ್ರಿಕ್ಟಿನಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಹಳಷ್ಟು ಕಡೆ ಇದಕ್ಕೊಂದು ಫಾರಂ ಇರುತ್ತೆ. ಕೆಲವು ಡಿಸ್ಟ್ರಿಕ್ಟಿನವರು ನೀವು ಕಲಿಸುವ ವಿಷಯಕ್ಕೆ ಸಂಬಂಧಪಟ್ಟ ಕೋರ್ಸ್ ಮಾತ್ರ ಒಪ್ಪುತ್ತಾರೆ. ಕೆಲವರಿಗೆ ಗ್ರೇಡ್ ಬೇಕು, ಬರೀ ಪಾಸ್ ಅಂತಿದ್ದರೆ ಆಗಲ್ಲ. ಕೋರ್ಸ್ ಮಾರುವ ಕಂಪನಿ ಎಷ್ಟೇ ಚೆನ್ನಾಗಿರಲಿ, ಕ್ರೆಡಿಟ್ ಕೊಡುವ ಯೂನಿವರ್ಸಿಟಿ ಯಾವುದು ಅಂತ ನೋಡಿ. ಅದಕ್ಕೆ ‘ರೀಜನಲ್ ಅಕ್ರೆಡಿಟೇಶನ್’ (ಪ್ರಾದೇಶಿಕ ಮಾನ್ಯತಾ ಸಂಸ್ಥೆಯ ಮಾನ್ಯತೆ) ಇರಬೇಕು ಅಂತ ಎಷ್ಟೋ ಒಪ್ಪಂದಗಳಲ್ಲಿ ಇವತ್ತಿಗೂ ಬರೆದಿರುತ್ತೆ. 2020ರಲ್ಲೇ ಕೇಂದ್ರದ ಶಿಕ್ಷಣ ಇಲಾಖೆ ರೀಜನಲ್, ನ್ಯಾಷನಲ್ ಅನ್ನುವ ಭೇದ ತೆಗೆದುಹಾಕಿದೆ. ಆದರೆ ನಿಮ್ಮ ಸಂಬಳ ನಿರ್ಧಾರ ಆಗುವುದು ಯೂನಿಯನ್ನೂ ಡಿಸ್ಟ್ರಿಕ್ಟೂ ಸಹಿ ಹಾಕಿದ ಹಾಳೆಯಲ್ಲಿ.

ಊರಿಂದೂರಿಗೆ ಭಾಷೆಯೂ ಬೇರೆ. ಲಾಸ್ ಏಂಜಲೀಸಿನವರು ಸ್ಯಾಲರಿ ಪಾಯಿಂಟ್ ಅಂತಾರೆ, 14 ಪಾಯಿಂಟಿಗೆ ಒಂದು ಕಾಲಮ್. ನ್ಯೂಯಾರ್ಕ್ ನಗರದಲ್ಲಿ ‘ಪಿ ಕ್ರೆಡಿಟ್’ ಅಂತ ಒಂದಿದೆ. ಸಂಬಳಕ್ಕೆ ನಡೆಯುತ್ತೆ, ಕಾಲೇಜಿನಲ್ಲಿ ನಡೆಯಲ್ಲ. ಗ್ರ್ಯಾಜುಯೇಟ್ ಅನ್ನುವ ಪದ ಇಲ್ಲದ್ದರಿಂದ ಅದರ ಹೆಸರಿನಲ್ಲಾದರೂ ಪ್ರಾಮಾಣಿಕತೆ ಇದೆ. ಟೆಕ್ಸಸ್ಸಿನ ಡಲ್ಲಾಸಿನಲ್ಲಿ ಟೀಚರ್ ಗೆಳತಿ ಯಾರಾದರೂ ಇದ್ದರೆ ಅವರಿಗೆ ಈ ಸಲಹೆ ಕೊಡಬೇಡಿ. ಟೆಕ್ಸಸ್ ರಾಜ್ಯದ ಕನಿಷ್ಠ ಸಂಬಳದ ಪಟ್ಟಿ ನೋಡುವುದು ಸರ್ವೀಸನ್ನು ಮಾತ್ರ. ಆದರೆ ಅವರಿಗೆ ಟೀಚರ್ ಸರ್ಟಿಫಿಕೇಟ್, ಅಂದರೆ ಪಾಠ ಮಾಡುವ ಲೈಸೆನ್ಸ್, ನವೀಕರಿಸಲು 5 ವರ್ಷಕ್ಕೆ 150 ಗಂಟೆ ತರಬೇತಿ ಬೇಕು, ಅಲ್ಲಿ 1 ಸೆಮಿಸ್ಟರ್ ಕ್ರೆಡಿಟ್ಟಿಗೆ 15 ಗಂಟೆ ಸಿಗುತ್ತೆ. ಪೆನ್ಸಿಲ್ವೇನಿಯಾದಲ್ಲಿ 5 ವರ್ಷಕ್ಕೆ 180 ಗಂಟೆ, ಇಲ್ಲವೇ 6 ಕ್ರೆಡಿಟ್. ಇದು ಲೈಸೆನ್ಸಿನ ಖಾತೆ, ಸಂಬಳ ಮತ್ತು ಡಿಗ್ರಿಯ ಖಾತೆಗಳಾದ ಮೇಲೆ ಮೂರನೆಯದು. ನಿಮಗೆ ಆ ಚಿಂತೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕ್ಲಿಯರ್ ಕ್ರೆಡೆನ್ಶಿಯಲ್ (ಪೂರ್ಣ ಪ್ರಮಾಣದ ಟೀಚರ್ ಲೈಸೆನ್ಸ್) ಇದ್ದವರು 5 ವರ್ಷಕ್ಕೊಮ್ಮೆ ಅರ್ಜಿ ಹಾಕಿ ಫೀಸು ಕಟ್ಟಿದರೆ ಆಯಿತು, ಗಂಟೆಗಳ ಲೆಕ್ಕ ಕೇಳಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಮೈಸೂರಿನ ಬಿ.ಎಡ್. ಕೆಲಸಕ್ಕೆ ಸೇರುವಾಗ ನಿಮ್ಮ ಅಂಕಪಟ್ಟಿಗಳನ್ನು ಒಂದು ಸಂಸ್ಥೆಗೆ ಕಳಿಸಿ ಇವ್ಯಾಲ್ಯುಯೇಶನ್ ಮಾಡಿಸಿರುತ್ತೀರಿ, ಅಲ್ವಾ? ಆ ವರದಿಯನ್ನು ಮತ್ತೊಮ್ಮೆ ಓದಿ. ನಮ್ಮ 3 ವರ್ಷದ ಬಿ.ಎಸ್‌ಸಿ.ಯನ್ನೇ ಕೆಲವರು ಇಲ್ಲಿನ ಬ್ಯಾಚುಲರ್ಸ್‌ಗೆ ಸಮ ಅಂತಾರೆ. ಇನ್ನು ಕೆಲವರು ಬಿ.ಎಡ್. ಸೇರಿಸಿಯೇ ಸಮ ಅಂತಾರೆ. ಮೊದಲನೆಯದಾಗಿದ್ದರೆ, ಬಿ.ಎಡ್. ಓದಿದ್ದು ಬ್ಯಾಚುಲರ್ಸ್ ಆದಮೇಲೆ ಅಂತಾಯಿತು. ಅದರ ಯೂನಿಟ್‌ಗಳನ್ನು ‘ಪ್ಲಸ್’ಗೆ ಸೇರಿಸಿಕೊಡಿ ಅಂತ ಕೇಳಬಹುದು. ಒಪ್ಪುವುದು ಬಿಡುವುದು ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಆದರೆ ಕೇಳದೇ ಇದ್ದರೆ ಅವರಾಗಿಯೇ ಹುಡುಕಿ ಕೊಡಲ್ಲ. ವರದಿ ಕೋರ್ಸ್‌ವಾರು ಇರಬೇಕು, ಬರೀ ‘ಸಮ’ ಅಂತ ಒಂದು ಸಾಲಿದ್ದರೆ ಸಾಲದು.

ಟ್ಯಾಕ್ಸ್ ವಿಷಯ ಚಿಕ್ಕದಾಗಿ. ಮಾನ್ಯ ಕಾಲೇಜಿಗೆ ಕಟ್ಟಿದ ಫೀಸಿಗೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಇದೆ, ಇಲ್ಲಿ ಕ್ರೆಡಿಟ್ ಅಂದರೆ ತೆರಿಗೆಯಲ್ಲಿ ಸಿಗುವ ಕಡಿತ. 10,000 ಡಾಲರ್‌ವರೆಗಿನ ಫೀಸಿನ ಶೇ. 20ರಷ್ಟು. ಡಿಗ್ರಿಗೇ ಓದಬೇಕು ಅಂತಿಲ್ಲ, ಕೆಲಸಕ್ಕೆ ಬೇಕಾದ ಕೋರ್ಸೂ ನಡೆಯುತ್ತೆ. ಆದರೆ ಗಂಡ ಹೆಂಡತಿ ಸೇರಿ ಫೈಲ್ ಮಾಡುವಾಗ ವರಮಾನ 1,80,000 ಡಾಲರ್ ಮುಟ್ಟಿದರೆ ಏನೂ ಸಿಗಲ್ಲ. ಯಜಮಾನರು ಸಾಫ್ಟ್‌ವೇರಿನಲ್ಲಿದ್ದರೆ ಇದನ್ನು ಮರೆತುಬಿಡಿ.

ಡಿಸ್ಟ್ರಿಕ್ಟಿಗೆ ಮೇಲ್ ಹಾಕುವಾಗ ಕೋರ್ಸಿನ ನಂಬರ್, ಯೂನಿವರ್ಸಿಟಿ ಹೆಸರು, ಎಷ್ಟು ಯೂನಿಟ್, ಸೆಮಿಸ್ಟರೋ ಕ್ವಾರ್ಟರೋ, ಇಷ್ಟನ್ನೂ ಬರೆಯಿರಿ. ಈ ವರ್ಷದ ಸಂಬಳಕ್ಕೆ ಟ್ರಾನ್ಸ್‌ಕ್ರಿಪ್ಟ್ ಯಾವ ತಾರೀಖಿನೊಳಗೆ ತಲುಪಬೇಕು ಅಂತಲೂ ಕೇಳಿ. ಕೋರ್ಸ್ ಮುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟ್ ತಾನಾಗಿ ಬರಲ್ಲ, ನೀವೇ ತರಿಸಿಕೊಳ್ಳಬೇಕು. ಅಂಚೆಯಲ್ಲಿ ಬಂದರೆ ಸೀಲ್ ಹಾಕಿದ ಕವರನ್ನು ಒಡೆಯದೆ ಹಾಗೇ ಆಫೀಸಿಗೆ ಕೊಡಿ. ಹಿಂಬದಿ ನೋಡುವ ಆಸೆಯಾದರೆ ಇನ್ನೊಂದು ಪ್ರತಿ ತರಿಸಿಕೊಳ್ಳಿ.