ಹೆಸರಲ್ಲಿ ಪಿಡಿಎಫ್ ಇದ್ದರೆ ಸಾಲದು

ಉಡುಪಿಯ ಒಂದು ಯಕ್ಷಗಾನ ಸಂಘದವರು ತಾಳಮದ್ದಲೆಯ ಆಮಂತ್ರಣವನ್ನು ಪಿಡಿಎಫ್ ಮಾಡಿ ತಮ್ಮ ಸೈಟಿಗೆ ಹಾಕಿದ್ದರು. ಒತ್ತಿದರೆ ಪರದೆ ತುಂಬ ಚಿತ್ರವಿಚಿತ್ರ ಅಕ್ಷರಗಳು! ಫೈಲ್ ಹಾಳಾಗಿದೆ ಅಂತ ಎಲ್ಲರೂ ಅಂದುಕೊಂಡರು. ಆದರೆ ಆ ಗೋಜಲಿನ ಶುರುವಿನಲ್ಲೇ ಶೇಕಡಾ ಚಿಹ್ನೆ, ಪಕ್ಕದಲ್ಲಿ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದವು. ಪಿಡಿಎಫ್ ಫೈಲಿನ ಗುರುತೇ ಅದು. ಫೈಲ್ ಗಟ್ಟಿಮುಟ್ಟಾಗಿಯೇ ಇತ್ತು.

ನೆಟ್‌ನಿಂದ ಬರುವ ಫೈಲಿನ ಹೆಸರಿನ ಬಾಲವನ್ನು ಬ್ರೌಸರ್ ಅಷ್ಟಾಗಿ ನಂಬುವುದಿಲ್ಲ. ಫೈಲಿಗಿಂತ ಮೊದಲು ಸರ್ವರ್ ‘ಕಂಟೆಂಟ್-ಟೈಪ್’ ಎಂಬ ಸಾಲು ಕಳಿಸುತ್ತದೆ. ‘ಇಮೇಜ್/ಪಿಎನ್‌ಜಿ’ ಅಂದರೆ ಚಿತ್ರ, ‘ಅಪ್ಲಿಕೇಶನ್/ಪಿಡಿಎಫ್’ ಅಂದರೆ ಪಿಡಿಎಫ್. ಈ ಪದ್ಧತಿ ಹುಟ್ಟಿದ್ದು ಇಮೇಲ್‌ಗಾಗಿ. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಇದನ್ನು ರೂಪಿಸಿದರು. ಸಂಘದ ಸೈಟು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ನಾವಾಗಿ ಬಗೆ ಹೇಳದಿದ್ದರೆ ಪಿಎಚ್‌ಪಿ ತಾನು ಕಳಿಸುವ ಎಲ್ಲವನ್ನೂ ‘ಟೆಕ್ಸ್ಟ್/ಎಚ್‌ಟಿಎಂಎಲ್’, ಅಂದರೆ ವೆಬ್ ಪುಟ, ಎನ್ನುತ್ತದೆ. ಒಂದು ಸಾಲು ಸೇರಿಸಿದ್ದೇ ತಡ, ಆಮಂತ್ರಣ ತೆರೆದುಕೊಂಡಿತು.

ಎದುರಿಗೇ ಗುರುತು ಕಾಣುತ್ತಿದ್ದರೂ ಬ್ರೌಸರ್ ಅದನ್ನು ಯಾಕೆ ಒಪ್ಪಲಿಲ್ಲ? ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವುದು ಇದೇ ಪ್ರಶ್ನೆ.

ಹೆಚ್ಚಿನ ಫೈಲುಗಳ ಶುರುವಿನಲ್ಲಿ ಒಂದು ಗುರುತು ಇರುತ್ತದೆ. ಪಿಎನ್‌ಜಿ ಚಿತ್ರದಲ್ಲಿ ಅದು 8 ಬೈಟ್. ಪಠ್ಯ ಎಂದು ತಪ್ಪು ತಿಳಿಯದಿರಲಿ ಅಂತಲೇ ಮೊದಲ ಬೈಟನ್ನು ಸಾದಾ ಇಂಗ್ಲಿಷ್ ಅಕ್ಷರಗಳ ಆಚೆಯಿಂದ ಆರಿಸಿದ್ದಾರೆ. ಜಿಪ್ ಫೈಲ್ ‘ಪಿಕೆ’ಯಿಂದ ಶುರುವಾಗುತ್ತದೆ, ಅದು ಜಿಪ್ ಮಾಡಿದ ಫಿಲ್ ಕ್ಯಾಟ್ಜ್ ಅವರ ಇನಿಶಿಯಲ್. ವರ್ಡ್‌ನ ಡಾಕ್ಸ್ ಫೈಲಿನ ಶುರುವೂ ಹೀಗೇ, ಯಾಕೆಂದರೆ ಒಳಗೆ ಅದೂ ಜಿಪ್ಪೇ. ಗೋಣಿಯ ಮೇಲೆ ಏನೇ ಬರೆದಿರಲಿ, ಮಂಗಳೂರು ಬಂದರಿನ ವ್ಯಾಪಾರಿ ಕೊಳವೆ ಚುಚ್ಚಿ ಒಂದು ಹಿಡಿ ಅಕ್ಕಿ ತೆಗೆದು ನೋಡುತ್ತಾನಲ್ವಾ, ಬ್ರೌಸರಿಗೂ ಹಾಗೆ ನೋಡಲು ಬರುತ್ತದೆ. ಇದಕ್ಕೆ ಸ್ನಿಫಿಂಗ್ ಅನ್ನುತ್ತಾರೆ.

ಹಿಂದೆ ಬ್ರೌಸರುಗಳು ಇದನ್ನು ಜಾಸ್ತಿಯೇ ಮಾಡುತ್ತಿದ್ದವು. ಗುರುತು ಸಿಗದ ಫೈಲನ್ನೆಲ್ಲ ಎಷ್ಟೋ ಸರ್ವರುಗಳು ಸುಮ್ನೆ ಪಠ್ಯ ಎಂದು ಕಳಿಸುತ್ತಿದ್ದವು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೊದಲ 256 ಬೈಟ್ ನೋಡಿ ತಾನೇ ತೀರ್ಮಾನಿಸುತ್ತಿತ್ತು. ಅಲ್ಲೇ ಅಪಾಯ ಬಂದದ್ದು. ಚಿತ್ರ ಎಂದು ಹೇಳಿ ಅಪ್‌ಲೋಡ್ ಮಾಡಿದ ಫೈಲಿನೊಳಗೆ ಎಚ್‌ಟಿಎಂಎಲ್ ಬಚ್ಚಿಟ್ಟರೆ, ಬ್ರೌಸರ್ ಅದನ್ನು ಆ ಸೈಟಿನದೇ ಪುಟ ಎಂದು ನಂಬಿ ಒಳಗಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಓಡಿಸಿಬಿಡುತ್ತಿತ್ತು! 2009ರಲ್ಲಿ ಸಂಶೋಧಕರಾದ ಆಡಂ ಬಾರ್ತ್, ಹ್ವಾನ್ ಕಬಾಯೆರೊ ಮತ್ತು ಡಾನ್ ಸಾಂಗ್ ಒಂದು ಪ್ರಬಂಧದ ಫೈಲನ್ನೇ ಹೀಗೆ ತಯಾರಿಸಿ ತೋರಿಸಿದರು. ವಿಮರ್ಶಕರು ಅದನ್ನು ತೆರೆದರೆ ಸಾಕು, ಅವರ ಹೆಸರಿನಲ್ಲಿ ತನ್ನನ್ನು ತಾನೇ ಹೊಗಳಿ ವಿಮರ್ಶೆ ಸಲ್ಲಿಸುವ ಪ್ರಬಂಧ ಅದು.

ಅಷ್ಟರೊಳಗೆ, 2008ರಲ್ಲಿ, ಮೈಕ್ರೋಸಾಫ್ಟ್ ‘ನೋಸ್ನಿಫ್’ ಎಂಬ ಸೂಚನೆ ತಂದಿತ್ತು. ನಾನು ಹೇಳಿದ್ದನ್ನೇ ನಂಬು, ಊಹಿಸಬೇಡ ಅಂತ ಸರ್ವರ್ ಹೇಳುವ ಮಾತು ಅದು. ಈಗ ಸ್ನಿಫಿಂಗ್‌ಗೆ ಬರೆದಿಟ್ಟ ನಿಯಮಗಳೇ ಇವೆ. ಬಗೆ ಹೇಳದೆ ಬಂದ ಫೈಲಾದರೆ ಬ್ರೌಸರ್ ಮೊದಲ 1445 ಬೈಟ್ ತನಕ ನೋಡಬಹುದು. ಪಠ್ಯ ಎಂದು ಹೇಳಿಸಿಕೊಂಡು ಬಂದದ್ದನ್ನು ಮಾತ್ರ ಎಂದೂ ಎಚ್‌ಟಿಎಂಎಲ್ ಎಂದು ಊಹಿಸುವಂತಿಲ್ಲ. ಎಚ್‌ಟಿಎಂಎಲ್ ಎಂದು ಬಂದದ್ದನ್ನು ಪಿಡಿಎಫ್ ಎಂದೂ ಊಹಿಸುವುದಿಲ್ಲ, ಸಂಘದ ಆಮಂತ್ರಣ ಗೋಜಲಾಗಿ ಕಂಡದ್ದು ಅದಕ್ಕೇ. ಚಿತ್ರಗಳಿಗೆ ಇನ್ನೂ ಸಡಿಲಿಕೆ ಇದೆ. ಪಿಎನ್‌ಜಿಗೆ ಜೆಪೆಗ್ ಎಂದು ಹೆಸರಿಟ್ಟರೂ ಪುಟದಲ್ಲಿ ಅದು ಕಾಣುತ್ತದೆ.

ಜನ ಅಪ್‌ಲೋಡ್ ಮಾಡುವ ಸೈಟು ನಡೆಸುವವರು ನೋಸ್ನಿಫ್ ಹಾಕಲೇಬೇಕು. ಆ ಫೈಲುಗಳನ್ನು ಬೇರೆ ಡೊಮೇನಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಗೂಗಲ್ ಕೂಡ ಬಳಕೆದಾರರ ಫೈಲುಗಳಿಗೆ ‘ಗೂಗಲ್‌ಯೂಸರ್‌ಕಂಟೆಂಟ್’ ಎಂಬ ಬೇರೆ ವಿಳಾಸ ಇಟ್ಟುಕೊಂಡಿದೆ.