ಓದು ಸರಾಗವಾಗದೆ ಓದಿನ ಸುಖ ಸಿಗದು

ಮಗುವಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಎಂದು ದೂರುವ ಪಾಲಕರಿಗೆ, ಅದರ ಪಕ್ಕದಲ್ಲಿ ಕುಳಿತು ಅದು ಗಟ್ಟಿಯಾಗಿ ಓದುವುದನ್ನು ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ ಎಂದು ನಾನು ಮೊದಲು ಹೇಳುತ್ತೇನೆ. ಆಸಕ್ತಿಯಿಲ್ಲ ಎಂಬ ಕಾರಣಕ್ಕೆ ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ನಿಜವಾಗಿ ಇರುವುದು ಆಯಾಸ.

'ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದ ಹುಡುಗ ತಟ್ಟನೆ ಎದ್ದು ನಿಂತ' ಎಂಬ ಸಾಲನ್ನು ನಾಲ್ಕನೇ ತರಗತಿಯ ಮಗುವೊಂದು ಓದುತ್ತಿದೆ ಎಂದುಕೊಳ್ಳೋಣ. 'ಬಾವಿಯ' ಸಲೀಸಾಗಿ ಬರುತ್ತದೆ. 'ಕಟ್ಟೆಯ' ಎಂಬುದನ್ನು ಮೊದಲ ಅಕ್ಷರ ನೋಡಿ 'ಕಟ್ಟಿಗೆ' ಎಂದು ಊಹಿಸುತ್ತದೆ, ಅರ್ಥ ಕೂಡದೆ ಹಿಂದಕ್ಕೆ ಹೋಗುತ್ತದೆ, 'ಕುಳಿತಿದ್ದ' ಎಂಬಲ್ಲಿ ಒತ್ತಕ್ಷರಕ್ಕೆ ತಡವರಿಸಿ ಒಂದೊಂದೇ ಅಕ್ಷರವನ್ನು ಕೂಡಿಸುತ್ತದೆ. ಸಾಲಿನ ಕೊನೆ ಮುಟ್ಟಿದ ಮೇಲೆ ಎದ್ದು ನಿಂತವರು ಯಾರು ಎಂದು ಕೇಳಿದರೆ ಮತ್ತೆ ಪುಟದತ್ತ ನೋಡುತ್ತದೆ. ಮಗು ದಡ್ಡನಲ್ಲ, ಅದೇ ಸಾಲನ್ನು ನಾವು ಓದಿ ಹೇಳಿದರೆ ತಕ್ಷಣ ಉತ್ತರಿಸುತ್ತದೆ. ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ಅರ್ಥ ಹಿಡಿಯಲು ಏನೂ ಉಳಿಯುವುದಿಲ್ಲ.

ಓದಿನ ಗ್ರಹಿಕೆಯು ಪದಗಳನ್ನು ಗುರುತಿಸುವ ಸಾಮರ್ಥ್ಯ ಮತ್ತು ಮಾತನ್ನು ಕೇಳಿ ಅರ್ಥೈಸಿಕೊಳ್ಳುವ ಸಾಮರ್ಥ್ಯ ಇವೆರಡರ ಗುಣಲಬ್ಧ ಎಂದು ಓದಿನ ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಮ್ ಟನ್ಮರ್ 1986ರಲ್ಲಿ ಪ್ರತಿಪಾದಿಸಿದರು. ಮೊತ್ತವಲ್ಲ, ಗುಣಲಬ್ಧ: ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆದ್ದರಿಂದ ಮಗು ಎಡವುತ್ತಿರುವುದು ಯಾವುದರಲ್ಲಿ ಎಂಬುದನ್ನು ಪತ್ತೆಮಾಡದೆ ಎಲ್ಲರಿಗೂ ಒಂದೇ ಮದ್ದು ಕೊಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದ ಗುರುತಿಸುವುದರಲ್ಲೇ ತೊಡಕಿದ್ದರೆ, ಗುಣಿತಾಕ್ಷರ ಮತ್ತು ಒತ್ತಕ್ಷರಗಳನ್ನು ಸ್ಪಷ್ಟವಾಗಿ, ಕ್ರಮವಾಗಿ ಮತ್ತೆ ಕಲಿಸಬೇಕು. ಚಿತ್ರ ನೋಡಿ ಊಹಿಸು ಎಂದು ಹೇಳಿಕೊಟ್ಟರೆ ಕೆಟ್ಟ ಅಭ್ಯಾಸವೇ ಬಲಗೊಳ್ಳುತ್ತದೆ. ಅಕ್ಷರ ಬಂದರೂ ಓದು ನಿಧಾನವಾಗಿದ್ದರೆ ಮರು ಓದು ನೆರವಾಗುತ್ತದೆ. ಸಣ್ಣ ಭಾಗವೊಂದನ್ನು ಸರಾಗವಾಗುವವರೆಗೆ ಮತ್ತೆ ಮತ್ತೆ ಓದಿಸುವ ಈ ಕ್ರಮವನ್ನು ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದ್ದರು. ಮೊದಲು ದೊಡ್ಡವರು ಭಾವಕ್ಕೆ ತಕ್ಕಂತೆ ಓದಿ ತೋರಿಸಬೇಕು, ಆಮೇಲೆ ಇಬ್ಬರೂ ಜೊತೆಯಾಗಿ ಓದಬೇಕು, ಕೊನೆಗೆ ಮಗು ಒಂದೇ ಓದಬೇಕು. ಮೂರನೇ ನಾಲ್ಕನೇ ಸಲಕ್ಕೆ ತನ್ನ ಧ್ವನಿ ನಿರಾಯಾಸವಾಗಿ ಹರಿಯುವುದನ್ನು ಮಗು ತಾನೇ ಕೇಳಿಸಿಕೊಂಡಾಗ ಅದರ ಮುಖದಲ್ಲಿ ಮೂಡುವ ಹಿಗ್ಗನ್ನು ಯಾವ ಬಹುಮಾನವೂ ತರಲಾರದು. ಮಗು ತಪ್ಪಿದಾಗ ಎರಡು ಮೂರು ಕ್ಷಣ ಕಾಯುವುದು ಮುಖ್ಯ, ಏಕೆಂದರೆ ಅರ್ಥ ಕೂಡದ್ದನ್ನು ಗಮನಿಸಿ ತಾನೇ ತಿದ್ದಿಕೊಳ್ಳುವುದು ಸಹ ನುರಿತ ಓದುಗರ ಲಕ್ಷಣ. ಇಡೀ ತರಗತಿಯ ಎದುರು ಸರದಿಯಂತೆ ಒಬ್ಬೊಬ್ಬರಿಂದ ಓದಿಸುವ ಪದ್ಧತಿಯನ್ನು ಮಾತ್ರ ಬಿಡಬೇಕೆಂದು ಶಿಕ್ಷಕರಲ್ಲಿ ನನ್ನ ವಿನಂತಿ. ತಡವರಿಸುವ ಮಗು ಅಲ್ಲಿ ಕಲಿಯುವುದು ಅಂಜಿಕೆಯನ್ನಷ್ಟೇ.

ಸರಾಗವಾಗಿ ಓದಿಯೂ ಅರ್ಥ ಹೇಳಲಾಗದ ಮಕ್ಕಳ ಸಮಸ್ಯೆ ಬೇರೆ. ಅವರಿಗೆ ಬೇಕಾದುದು ಪದಸಂಪತ್ತು ಮತ್ತು ವಿಷಯಜ್ಞಾನ. ಅಮೆರಿಕದ ಇಬ್ಬರು ಸಂಶೋಧಕರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಮಕ್ಕಳಿಂದ ಓದಿಸಿದಾಗ, ಆ ಆಟವನ್ನು ಚೆನ್ನಾಗಿ ಬಲ್ಲ ದುರ್ಬಲ ಓದುಗರು, ಆಟ ಗೊತ್ತಿಲ್ಲದ ಉತ್ತಮ ಓದುಗರಿಗಿಂತ ಹೆಚ್ಚನ್ನು ನೆನಪಿಟ್ಟುಕೊಂಡಿದ್ದರು. ಮಗುವಿಗೆ ಹುಳುಹುಪ್ಪಟೆಗಳ ಹುಚ್ಚಿದ್ದರೆ ಅದೇ ವಿಷಯದ ನಾಲ್ಕೈದು ಪುಸ್ತಕಗಳನ್ನು ಒಂದರ ಹಿಂದೆ ಒಂದು ಕೊಡಿ ಎಂದು ನಾನು ಸೂಚಿಸುವುದು ಇದಕ್ಕಾಗಿಯೇ. ಮೊದಲ ಪುಸ್ತಕದಲ್ಲಿ ಎದುರಾದ ಕಠಿಣ ಪದ ಎರಡನೆಯದರಲ್ಲಿ ಪರಿಚಿತವಾಗಿರುತ್ತದೆ, ಮೂರನೆಯದರ ಹೊತ್ತಿಗೆ ಸ್ವಂತದ್ದಾಗಿರುತ್ತದೆ.

ಮಗು ತಾನೇ ಓದಲು ಕಲಿತ ಕೂಡಲೇ ಅನೇಕ ಮನೆಗಳಲ್ಲಿ ಓದಿ ಹೇಳುವುದು ನಿಂತುಹೋಗುತ್ತದೆ. ಪ್ರಾಥಮಿಕ ಹಂತದ ಉದ್ದಕ್ಕೂ ಹೆಚ್ಚಿನ ಮಕ್ಕಳು ತಾವಾಗಿ ಓದಬಲ್ಲುದಕ್ಕಿಂತ ಕಠಿಣವಾದುದನ್ನು ಕೇಳಿ ಗ್ರಹಿಸಬಲ್ಲರು. ಆದ್ದರಿಂದ ಮಗು ಓದುವ ಪುಸ್ತಕ ಅದರ ಮಟ್ಟಕ್ಕೆ ತಕ್ಕುದಾಗಿರಲಿ, ನೀವು ಓದಿ ಹೇಳುವ ಪುಸ್ತಕ ಅದಕ್ಕಿಂತ ಒಂದೆರಡು ವರ್ಷ ಮುಂದಿನದಾಗಿರಲಿ. ಓದಿ ಮುಗಿದ ಬಳಿಕ ಪರೀಕ್ಷೆಯಂತೆ ಪ್ರಶ್ನೆ ಕೇಳದೆ, ನಿಮಗೆ ಅಚ್ಚರಿ ಎನಿಸಿದ್ದನ್ನು ನೀವೇ ಮೊದಲು ಹೇಳಿ. ಮಗು ತನ್ನ ಮಾತನ್ನು ಅದಕ್ಕೆ ಸೇರಿಸುತ್ತದೆ.